ಉದ್ದನೆಯ ಫೋರ್ಕ್‌ಗೆ ತಕ್ಕ ಹಾರ್ಡ್‌ಟೇಲ್ ಫ್ರೇಮ್

ಓದುಗರ ಪ್ರಶ್ನೆ: ಸೈಕಲ್ ವಿಭಾಗ

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಕೊಂಡ 29 ಇಂಚು ಚಕ್ರದ ಅಲ್ಯೂಮಿನಿಯಂ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ) ಸೈಕಲ್ ನನ್ನಲ್ಲಿದೆ. ಅದರ ಮುಂದಿನ ಫೋರ್ಕ್ ಸ್ಪ್ರಿಂಗ್‌ನದು, 100 ಮಿ.ಮೀ. ಟ್ರಾವೆಲ್‌ನದು, ಅಂದರೆ ಅಷ್ಟು ಒಳಕ್ಕೆ ಕುಗ್ಗುವಂಥದ್ದು. ಹೊರದೇಶದಲ್ಲಿರುವ ನಮ್ಮ ಭಾವನವರು ಊರಿಗೆ ಬಂದಾಗ 140 ಮಿ.ಮೀ. ಟ್ರಾವೆಲ್‌ನ ಒಳ್ಳೆಯ ಏರ್ ಫೋರ್ಕ್ ಒಂದನ್ನು ತಂದುಕೊಟ್ಟಿದ್ದಾರೆ. ಒಂದು ಅಂಗಡಿಯವರು ಇದು ನಿಮ್ಮ ಫ್ರೇಮ್‌ಗೆ ಕೂರುವುದೇ ಇಲ್ಲ ಎಂದರು. ಇನ್ನೊಂದು ಅಂಗಡಿಯವರು ಬೇರೆ ಕಪ್ (ಬೇರಿಂಗ್ ಕೂರುವ ಬಟ್ಟಲು) ಹಾಕಿ ಕೂರಿಸಿಕೊಡುತ್ತೇವೆ ಎಂದರು. ವಾರದ ಕೊನೆಯಲ್ಲಿ ಯಲಹಂಕದಾಚೆಯ ಆವಲಹಳ್ಳಿಗೆ, ಆಗಾಗ ರಾಮನಗರದ ಕಡೆಯ ಬಂಡೆ ಹಾದಿಗಳಿಗೆ ಹೋಗುತ್ತೇನೆ. ನಂದಿ ಬೆಟ್ಟವನ್ನೂ ಹತ್ತುತ್ತೇನೆ. ಫ್ರೇಮ್ ಬದಲಿಸಲೇಬೇಕೇ? ಬದಲಿಸುವುದಾದರೆ ಏನನ್ನು ನೋಡಿ ಆರಿಸಬೇಕು?
– ಬನಶಂಕರಿಯ ಓದುಗರು

ಉತ್ತರ: ಫ್ರೇಮ್ ಬದಲಿಸುವುದೇ ಸರಿ. ಇಬ್ಬರು ಅಂಗಡಿಯವರೂ ಹೇಳಿರುವುದು ಫೋರ್ಕ್ ಕೂರುತ್ತದೆಯೇ ಇಲ್ಲವೇ ಎಂಬುದನ್ನಷ್ಟೇ. ಕೂತ ಮೇಲೆ ಸೈಕಲ್ ಹೇಗೆ ಓಡುತ್ತದೆ, ಫ್ರೇಮ್ ಅದನ್ನು ತಾಳಿಕೊಳ್ಳುತ್ತದೆಯೇ ಎಂಬ ಎರಡು ಪ್ರಶ್ನೆಗಳು ಹಾಗೆಯೇ ಉಳಿದಿವೆ. ನಿಮ್ಮ ತೀರ್ಮಾನ ನಿಲ್ಲಬೇಕಾದದ್ದು ಅವುಗಳ ಮೇಲೆ.

ಕೂರುವ ವಿಚಾರವನ್ನು ಮೊದಲು ಮುಗಿಸೋಣ. ಇಂದಿನ 140 ಮಿ.ಮೀ. ಫೋರ್ಕ್‌ಗಳ ಸ್ಟೀರರ್ ಕೊಳವೆ (ಫ್ರೇಮಿನೊಳಗೆ ಹೋಗುವ ಮೇಲಿನ ಭಾಗ) ಸಾಮಾನ್ಯವಾಗಿ ಟೇಪರ್ ಆಗಿರುತ್ತದೆ, ಅಂದರೆ ಮೇಲ್ತುದಿ 28.6 ಮಿ.ಮೀ. ದಪ್ಪವಿದ್ದರೆ ಬುಡ ಒಂದೂವರೆ ಇಂಚು ದಪ್ಪವಿರುತ್ತದೆ. ಅದನ್ನು ಒಳಗೆ ಕೂರಿಸಿಕೊಳ್ಳುವ, ಫ್ರೇಮಿನ ಮುಂತುದಿಯ ಕೊಳವೆಯಾದ ಹೆಡ್‌ಟ್ಯೂಬ್‌ನ ಒಳವ್ಯಾಸ ಮೇಲಿನಿಂದ ಕೆಳಗಿನವರೆಗೆ 34 ಮಿ.ಮೀ. ಇದ್ದರೆ ಮೊದಲ ಅಂಗಡಿಯವರ ಮಾತೇ ನಿಜ. ಯಾವ ಕಪ್ ಹಾಕಿದರೂ ಆ ಬುಡ ಒಳಗೆ ಇಳಿಯುವುದಿಲ್ಲ. ಒಳವ್ಯಾಸ 44 ಮಿ.ಮೀ. ಇದ್ದರೆ ಕೆಳಗಡೆ ಹೊರಗೆ ಚಾಚಿ ನಿಲ್ಲುವ ಕಪ್ಪನ್ನು ಒತ್ತಿ ಕೂರಿಸಬಹುದು, ಆದರೆ ಆ ಕಪ್ ತಾನೇ ಹತ್ತು ಹನ್ನೆರಡು ಮಿ.ಮೀ. ಎತ್ತರವನ್ನು ಸೇರಿಸುತ್ತದೆ. ಮುಂದಿನ ಹಬ್ (ಚಕ್ರದ ನಡುಭಾಗ) ಕೂಡ ಒಮ್ಮೆ ನೋಡಿ: ಹೊಸ ಫೋರ್ಕ್ 15 ಮಿ.ಮೀ. ಆಕ್ಸಲ್‌ನ, 110 ಮಿ.ಮೀ. ಅಗಲದ ಬೂಸ್ಟ್ ಮಾದರಿಯದಾಗಿದ್ದರೆ ನಿಮ್ಮ ಹಳೆಯ ಕ್ವಿಕ್ ರಿಲೀಸ್ (ಕೈಹಿಡಿಯಿಂದ ಬಿಗಿಯುವ ತೆಳು ಆಕ್ಸಲ್‌ನ) ಚಕ್ರ ಅದಕ್ಕೆ ಹೊಂದುವುದಿಲ್ಲ.

ಇನ್ನು ಓಟದ ವಿಚಾರ. ಹಾರ್ಡ್‌ಟೇಲ್‌ನಲ್ಲಿ ಹಿಂದಿನ ಚಕ್ರಕ್ಕೂ ಫ್ರೇಮ್‌ಗೂ ನಡುವೆ ಸಸ್ಪೆನ್ಷನ್ ಇಲ್ಲ. ಆದ್ದರಿಂದ ಮುಂಭಾಗವನ್ನು ಎತ್ತರಿಸಿದರೆ ಇಡೀ ಫ್ರೇಮ್ ಹಿಂದಿನ ಆಕ್ಸಲ್ಲನ್ನೇ ಕೇಂದ್ರವಾಗಿಟ್ಟುಕೊಂಡು ಹಿಂದಕ್ಕೆ ವಾಲುತ್ತದೆ, ಮತ್ತು ಆ ವಾಲುವಿಕೆಯಿಂದ ಫ್ರೇಮಿನ ಒಂದು ಅಳತೆಯೂ ತಪ್ಪಿಸಿಕೊಳ್ಳುವುದಿಲ್ಲ. ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಆಂಗಲ್ (ಹೆಡ್‌ಟ್ಯೂಬ್ ನೆಲಕ್ಕೆ ಮಾಡುವ ಕೋನ) ಸುಮಾರು ಒಂದು ಡಿಗ್ರಿ ಒರಗುತ್ತದೆ ಎಂಬುದು ಸೈಕಲ್ ಕಟ್ಟುವವರ ರೂಢಿಯ ಲೆಕ್ಕ. ಸೀಟ್ ಆಂಗಲ್ (ಸೀಟಿನ ಕೊಳವೆ ನೆಲಕ್ಕೆ ಮಾಡುವ ಕೋನ) ಕೂಡ ಅಷ್ಟೇ ಒರಗುತ್ತದೆ ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ನಿಮ್ಮ ಫ್ರೇಮ್ ಹೆಡ್‌ನಲ್ಲಿ 69 ಡಿಗ್ರಿ, ಸೀಟ್‌ನಲ್ಲಿ 73 ಡಿಗ್ರಿ ಇದ್ದದ್ದು ಎಂದಿಟ್ಟುಕೊಳ್ಳಿ. ಫೋರ್ಕ್ 40 ಮಿ.ಮೀ. ಉದ್ದವಾದಾಗ ಅವು 67 ಮತ್ತು 71 ಆಗುತ್ತವೆ. ಹೆಡ್‌ನಲ್ಲಿ 67 ಡಿಗ್ರಿ ಇಳಿಜಾರಿಗೆ ಒಳ್ಳೆಯದೇ. ಚಕ್ರದ ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಮುಟ್ಟುವ ಜಾಗಕ್ಕೂ ಚಕ್ರ ನೆಲ ತಾಗುವ ಜಾಗಕ್ಕೂ ಇರುವ ದೂರ) ಸುಮಾರು 87 ಮಿ.ಮೀ.ನಿಂದ ನೂರರ ಆಚೆಗೆ ಹೋಗಿ, ಕಲ್ಲುಗಳ ನಡುವೆ ಹ್ಯಾಂಡಲ್ ಅಷ್ಟು ಸುಲಭವಾಗಿ ತಿರುಗಿಕೊಳ್ಳದೆ ಸೈಕಲ್ ನೆಟ್ಟಗೆ ಸಾಗುತ್ತದೆ. ಸೀಟ್‌ನಲ್ಲಿ 71 ಡಿಗ್ರಿಯಾದದ್ದೇ ತೊಂದರೆ. ಪೆಡಲ್‌ನ ನಡುಕೇಂದ್ರದಿಂದ 720 ಮಿ.ಮೀ. ಮೇಲಿರುವ ಸೀಟು ಸುಮಾರು 25 ಮಿ.ಮೀ. ಹಿಂದಕ್ಕೆ ಸರಿಯುತ್ತದೆ, ಫ್ರೇಮಿನ ರೀಚ್ (ಪೆಡಲ್ ಕೇಂದ್ರದಿಂದ ಹೆಡ್‌ಟ್ಯೂಬ್‌ನ ಮೇಲ್ತುದಿಯವರೆಗಿನ ಅಡ್ಡ ದೂರ) ಇಪ್ಪತ್ತು ಮಿ.ಮೀ.ಗಿಂತಲೂ ಜಾಸ್ತಿ ಕುಗ್ಗುತ್ತದೆ; ಬಾಟಮ್ ಬ್ರಾಕೆಟ್ (ಪೆಡಲ್‌ನ ಆ ನಡುಕೇಂದ್ರ) ಹದಿನಾಲ್ಕು ಹದಿನೈದು ಮಿ.ಮೀ. ಮೇಲೇರುತ್ತದೆ. ನಂದಿಯ ಏರಿನಲ್ಲಿ ನಿಮ್ಮ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬಿದ್ದು ಮುಂದಿನ ಚಕ್ರ ಹಗುರವಾಗಿ ಅತ್ತಿತ್ತ ಅಲೆಯತೊಡಗುತ್ತದೆ, ನಿಂತು ಪೆಡಲ್ ಮಾಡಿದರೆ ಹ್ಯಾಂಡಲ್ ಎದೆಗೆ ಹತ್ತಿರ ಬಂದಂತಾಗುತ್ತದೆ. ಸೀಟನ್ನು ಹಳಿಯ ಮೇಲೆ ಮುಂದಕ್ಕೆ ತಳ್ಳಿ ಸ್ವಲ್ಪ ಸರಿಪಡಿಸಿಕೊಳ್ಳಬಹುದು; ನಿಂತಾಗಿನ ಭಂಗಿಗೆ ಅದರಿಂದ ಏನೂ ಆಗುವುದಿಲ್ಲ.

ತಾಳಿಕೆಯ ವಿಚಾರದಲ್ಲಿ ನಾನು ಯಾರ ಜೊತೆಗೂ ರಾಜಿಗೆ ಒಪ್ಪುವುದಿಲ್ಲ. ಫೋರ್ಕ್ ಒಂದು ಸನ್ನೆಕೋಲು. ಆಕ್ಸಲ್‌ನಿಂದ ಎರಡು ಕಾಲುಗಳು ಮೇಲೆ ಸೇರುವ ಕ್ರೌನ್‌ವರೆಗಿನ ಉದ್ದ 500 ಮಿ.ಮೀ. ಇದ್ದದ್ದು 540 ಆದರೆ, ಅದೇ ಕಲ್ಲು ಅದೇ ಬಲದಿಂದ ಬಡಿದರೂ ಹೆಡ್‌ಟ್ಯೂಬ್‌ನ ಬೆಸುಗೆಯ ಮೇಲೆ ಬೀಳುವ ತಿರುಚು ನೂರಕ್ಕೆ ಎಂಟರಷ್ಟು ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಎಂದರೆ, 140 ಮಿ.ಮೀ. ಟ್ರಾವೆಲ್ ಕೊಡುವ ಧೈರ್ಯದಿಂದ ಸವಾರ ಮೊದಲಿಗಿಂತ ವೇಗವಾಗಿ, ಮೊದಲಿಗಿಂತ ಎತ್ತರದಿಂದ ಇಳಿಯುತ್ತಾನೆ. ಹಾಗಾಗಿ ಬಲವೂ ಅದೇ ಬಲವಾಗಿ ಉಳಿಯುವುದಿಲ್ಲ. 100 ಮಿ.ಮೀ.ಗೆಂದು ಕಟ್ಟಿದ ಅಲ್ಯೂಮಿನಿಯಂ ಫ್ರೇಮ್‌ನಲ್ಲಿ ಡೌನ್‌ಟ್ಯೂಬ್ (ಕೆಳಗಿನ ಓರೆ ಕೊಳವೆ) ಹೆಡ್‌ಟ್ಯೂಬ್‌ಗೆ ಸೇರುವ ಜಾಗದ ಕೆಳಮೈಯಲ್ಲಿ ಬಣ್ಣ ಸುಕ್ಕಾಗಿದ್ದರೆ ಅಥವಾ ಕೂದಲೆಳೆಯಷ್ಟು ಬಿರುಕು ಕಂಡರೆ ಅಂತಹ ಸೈಕಲ್ಲನ್ನು ಅಂದೇ ನಿಲ್ಲಿಸಬೇಕು. ತಯಾರಕರು ತಮ್ಮ ಕೈಪಿಡಿಯಲ್ಲಿ ಗರಿಷ್ಠ ಟ್ರಾವೆಲ್ ಎಷ್ಟೆಂದು ನಮೂದಿಸುವುದು, ಅದನ್ನು ಮೀರಿದರೆ ವಾರಂಟಿ ಇಲ್ಲವೆನ್ನುವುದು ಈ ಕಾರಣಕ್ಕೆ.

ಇನ್ನು ಆಯ್ಕೆಗೆ ಬರೋಣ. ಫ್ರೇಮ್ ನೋಡುವ ಮೊದಲು ನಿಮ್ಮ ಫೋರ್ಕನ್ನು ಅಳೆಯಿರಿ: ಆಕ್ಸಲ್‌ನ ನಡುವಿನಿಂದ ಕ್ರೌನ್ ರೇಸ್ (ಕೆಳಗಿನ ಬೇರಿಂಗ್ ಕೂರುವ ಬಳೆ) ಕೂರುವ ಮಟ್ಟದವರೆಗೆ, ಕಾಲುಗಳಿಗೆ ಸಮಾನಾಂತರವಾಗಿ. ಟ್ರಾವೆಲ್‌ನ ಅಂಕಿಯೊಂದನ್ನೇ ಹಿಡಿದು ಅಂಗಡಿಗೆ ಹೋಗಬೇಡಿ, 27.5 ಇಂಚಿನ ಚಕ್ರಕ್ಕೆ ಮಾಡಿದ 140 ಮಿ.ಮೀ. ಫೋರ್ಕ್‌ಗೂ 29 ಇಂಚಿನದಕ್ಕೂ ಉದ್ದದಲ್ಲಿ ಎರಡು ಸೆಂಟಿಮೀಟರ್‌ನಷ್ಟು ವ್ಯತ್ಯಾಸವಿರುತ್ತದೆ, ಎಂದರೆ ಒಂದು ಡಿಗ್ರಿಯಷ್ಟು. ಆಮೇಲೆ ಫ್ರೇಮಿನ ಅಳತೆಪಟ್ಟಿಯಲ್ಲಿ ಆ ಅಳತೆಗಳನ್ನು ಎಷ್ಟು ಉದ್ದದ ಫೋರ್ಕ್ ಇಟ್ಟುಕೊಂಡು ಬರೆದಿದ್ದಾರೆ ಎಂಬ ಸಾಲನ್ನು ಹುಡುಕಿ. ಒಳ್ಳೆಯ ಫ್ರೇಮ್ ಮಾಡುವವರು ಇದನ್ನು ಬಿಡುವುದಿಲ್ಲ. ಆ ಅಂಕಿಗೂ ನಿಮ್ಮ ಫೋರ್ಕ್‌ನ ಉದ್ದಕ್ಕೂ ಹತ್ತು ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ, ಬೆಲೆ ಎಷ್ಟೇ ಹಿತವಾಗಿದ್ದರೂ ಬೇರೆ ಫ್ರೇಮ್ ನೋಡುವುದು ಮೇಲು.

ಅಳತೆಪಟ್ಟಿಯನ್ನು ಓದುವಾಗ ಹಾರ್ಡ್‌ಟೇಲ್‌ಗೇ ವಿಶೇಷವಾದ ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್‌ನಲ್ಲಿ ಸವಾರ ಕೂತಾಗ ಮುಂದೂ ಹಿಂದೂ ಒಟ್ಟಿಗೆ ತಗ್ಗುವುದರಿಂದ ಕೋನಗಳು ಅಷ್ಟೇನೂ ಬದಲಾಗುವುದಿಲ್ಲ, ಆದರೆ ಹಾರ್ಡ್‌ಟೇಲ್‌ನಲ್ಲಿ ಮುಂದೆ ಮಾತ್ರ ತಗ್ಗುವುದರಿಂದ ಕಾಗದದ ಮೇಲಿನ ಕೋನ ಸವಾರಿಯಲ್ಲಿ ಸಿಗುವುದೇ ಇಲ್ಲ. 140 ಮಿ.ಮೀ. ಫೋರ್ಕ್‌ನಲ್ಲಿ ನೂರಕ್ಕೆ 20ರಷ್ಟು ಸ್ಯಾಗ್ (ಸವಾರನ ಭಾರಕ್ಕೆ ಆಗುವ ತಗ್ಗು) ಇಟ್ಟರೆ 28 ಮಿ.ಮೀ. ತಗ್ಗುತ್ತದೆ, ಪಟ್ಟಿಯಲ್ಲಿ 65.5 ಡಿಗ್ರಿ ಇದ್ದ ಹೆಡ್ ಆಂಗಲ್ ನೀವು ಕೂತ ಕೂಡಲೇ 67ರ ಹತ್ತಿರಕ್ಕೆ ಬರುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಫೋರ್ಕ್ ಪೂರ್ತಿ ಮುಳುಗಿದರೆ ಆರೇಳು ಡಿಗ್ರಿ ನೆಟ್ಟಗಾಗುತ್ತದೆ. ಹಾಗಾಗಿ ಉದ್ದನೆಯ ಫೋರ್ಕ್‌ಗೆಂದೇ ಬರೆದ ಹಾರ್ಡ್‌ಟೇಲ್ ಫ್ರೇಮ್‌ಗಳಲ್ಲಿ 65, 64 ಡಿಗ್ರಿಗಳನ್ನು ನೋಡಿ ಇದೇನು ಇಷ್ಟು ಒರಗಿದೆ ಎಂದು ಹೆದರಬೇಕಾಗಿಲ್ಲ. ಟ್ರೆಕ್ ರಾಸ್ಕೊ ಮಾದರಿ ಈಚಿನ ರೂಪದಲ್ಲಿ 140 ಮಿ.ಮೀ. ಫೋರ್ಕ್‌ನೊಂದಿಗೆ 65 ಡಿಗ್ರಿ ಇಟ್ಟುಕೊಂಡಿದೆ, ಕೋನಾ ಹೊಂಜೊ ಇಎಸ್‌ಡಿ 150 ಮಿ.ಮೀ.ನೊಂದಿಗೆ 63 ಡಿಗ್ರಿಯವರೆಗೂ ಹೋಗಿದೆ.

ನೀವು ಬರೆದ ಮೂರು ಜಾಗಗಳನ್ನು ಮುಂದಿಟ್ಟುಕೊಂಡು ಹೇಳುವುದಾದರೆ, 63 ನಿಮಗೆ ಬೇಡ. ಆವಲಹಳ್ಳಿಯ ಹಾದಿ ಕಿರಿದು, ತಿರುವುಗಳು ಹತ್ತಿರ ಹತ್ತಿರ. ಬಹಳ ಒರಗಿದ ಸೈಕಲ್ ಅಲ್ಲಿ ನಿಧಾನದ ವೇಗದಲ್ಲಿ ಸವಾರನನ್ನು ದಣಿಸುತ್ತದೆ. ರಾಮನಗರದ ಕಡೆಯ ಬಂಡೆಗಳಿಗೆ ಮಾತ್ರ ಉದ್ದ ಫೋರ್ಕ್ ನಿಜವಾಗಿ ಸಾರ್ಥಕ. ಅಲ್ಲಿ ಮಣ್ಣಿನ ನಡುವೆ ಥಟ್ಟನೆ ಎದುರಾಗುವ ಗ್ರಾನೈಟ್ ಮೆಟ್ಟಿಲುಗಳನ್ನು ಇಳಿಯುವಾಗ 100 ಮಿ.ಮೀ. ಬಹುಬೇಗ ತಳ ಮುಟ್ಟುತ್ತದೆ. ಎರಡನ್ನೂ ತೂಗಿ ನೋಡಿದರೆ 140 ಮಿ.ಮೀ. ಫೋರ್ಕ್‌ನೊಂದಿಗೆ ಹೆಡ್‌ನಲ್ಲಿ 65ರಿಂದ 66 ಡಿಗ್ರಿ, ಸೀಟ್‌ನಲ್ಲಿ 74ಕ್ಕೆ ಕಡಿಮೆಯಿಲ್ಲದ, ಸಾಧ್ಯವಾದರೆ 75 ಡಿಗ್ರಿ ಇರುವ ಫ್ರೇಮ್ ನಿಮಗೆ ಹೊಂದುತ್ತದೆ. ಈ ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಸೀಟ್ ಆಂಗಲ್ಲನ್ನೇ ಹಿಡಿಯಿರಿ, ಯಾಕೆಂದರೆ ನಮ್ಮ ಊರಿನ ಸುತ್ತ ಇಳಿಯುವ ಹೊತ್ತಿಗಿಂತ ಹತ್ತುವ ಹೊತ್ತೇ ಹೆಚ್ಚು. ನಿಂತು ಪೆಡಲ್ ಮಾಡುವಾಗ ಮೊಣಕಾಲಿಗೂ ಹ್ಯಾಂಡಲ್‌ಗೂ ಜಾಗ ಬೇಕಾದ್ದರಿಂದ ನಿಮ್ಮ ಹಳೆಯ ಫ್ರೇಮಿಗಿಂತ ರೀಚ್ ಎರಡು ಮೂರು ಸೆಂಟಿಮೀಟರ್ ಹೆಚ್ಚಿರಲಿ. ಹ್ಯಾಂಡಲನ್ನು ಫೋರ್ಕ್‌ಗೆ ಜೋಡಿಸುವ ಸ್ಟೆಮ್ಮನ್ನು ಗಿಡ್ಡ ಮಾಡಿ 35–50 ಮಿ.ಮೀ. ಉದ್ದದ್ದನ್ನು ಹಾಕಿದರೆ ಕೂತಾಗ ಕೈಚಾಚು ಹಿಂದಿನಂತೆಯೇ ಇರುತ್ತದೆ.

ಬಿಡಿ ಫ್ರೇಮ್ ಕೊಳ್ಳುವಾಗ ಜೇಬಿಗೆ ಹೊರೆಯಾಗುವುದು ಫ್ರೇಮಿಗಿಂತ ಅದಕ್ಕೆ ಹೊಂದದ ಹಳೆಯ ಬಿಡಿಭಾಗಗಳು. ನಿಮ್ಮ ಹಿಂದಿನ ಹಬ್ 135 ಮಿ.ಮೀ. ಕ್ವಿಕ್ ರಿಲೀಸ್ ಆಗಿರುವ ಸಾಧ್ಯತೆ ಹೆಚ್ಚು. ಈಗಿನ ಫ್ರೇಮ್‌ಗಳು 148 ಮಿ.ಮೀ. ಅಗಲದ, 12 ಮಿ.ಮೀ. ಆಕ್ಸಲ್‌ನ ಹಬ್ ಕೇಳುತ್ತವೆ. ಸೀಟ್‌ಪೋಸ್ಟ್ 27.2, 30.9, 31.6 ಮಿ.ಮೀ. ಹೀಗೆ ಬೇರೆ ಬೇರೆ. ಅನೇಕ ಹೊಸ ಫ್ರೇಮ್‌ಗಳಿಗೆ ಮುಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನ) ಕಟ್ಟುವ ಜಾಗವೇ ಇಲ್ಲ. ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದಾಗ 140 ಮಿ.ಮೀ. ಫೋರ್ಕ್‌ನೊಂದಿಗೇ ಬರುವ ಪೂರ್ಣ ಸೈಕಲ್‌ನ ಬೆಲೆಗೆ ಹತ್ತಿರ ಬಂದರೆ, ಪೂರ್ಣ ಸೈಕಲ್ಲನ್ನು ಕೊಂಡು ಅದರ ಫೋರ್ಕನ್ನು ಮಾರುವುದು ಲಾಭ.

ಪ್ರಶ್ನೆ: ನಾನು ನೋಡಿಟ್ಟಿರುವ ಫ್ರೇಮ್ ಒಂದರ ವಿವರದಲ್ಲಿ 'ಅಳತೆಗಳು 120 ಮಿ.ಮೀ. ಫೋರ್ಕ್‌ಗೆ, ಗರಿಷ್ಠ 140 ಮಿ.ಮೀ.' ಎಂದು ಬರೆದಿದ್ದಾರೆ. 140 ಹಾಕಬಹುದು ಎಂದೇ ತಾನೆ ಅರ್ಥ?
– ಸಹಕಾರನಗರದ ಓದುಗರು

ಉತ್ತರ: ಹಾಕಿದರೆ ಫ್ರೇಮ್ ಮುರಿಯುವುದಿಲ್ಲ, ವಾರಂಟಿ ಉಳಿಯುತ್ತದೆ ಎಂದು ಅರ್ಥ. ಸೈಕಲ್ ಚೆನ್ನಾಗಿ ಓಡುವುದು 120ರಲ್ಲಿ. ಬ್ರಿಟನ್ನಿನ ಆನ್-ಒನ್ ಕಂಪನಿಯ 456 ಎಂಬ ಉಕ್ಕಿನ ಫ್ರೇಮ್ ನಾಲ್ಕು, ಐದು, ಆರು ಇಂಚಿನ ಫೋರ್ಕ್‌ಗಳಿಗೆಲ್ಲ ಸಲ್ಲುತ್ತದೆ ಎಂದು ಹೆಸರಿನಲ್ಲೇ ಹೇಳಿಕೊಂಡಿತ್ತು; ಅದು ಗಟ್ಟಿ ಫ್ರೇಮ್ ಎಂಬುದು ನಿಜವಾದರೂ, ನಾಲ್ಕು ಇಂಚಿನಿಂದ ಆರಕ್ಕೆ ಹೋದಾಗ ಅದರ ಕೋನಗಳು ಎರಡೂವರೆ ಡಿಗ್ರಿ ಸರಿಯುವುದನ್ನು ಆ ಗಟ್ಟಿತನ ತಡೆಯಲಾರದು. ನಿಮ್ಮ ಕೈಯಲ್ಲಿ 140ರ ಫೋರ್ಕ್ ಈಗಾಗಲೇ ಇದ್ದರೆ 130 ಅಥವಾ 140ಕ್ಕೆ ಅಳತೆ ಬರೆದ ಫ್ರೇಮ್ ನೋಡಿ. ಇನ್ನೂ ಫೋರ್ಕ್ ಕೊಂಡಿಲ್ಲವಾದರೆ ಇದೇ ಫ್ರೇಮ್‌ಗೆ 120 ಅಥವಾ 130 ಮಿ.ಮೀ.ನದನ್ನು ಹಾಕಿಸಿ, ನಮ್ಮ ಸುತ್ತಲಿನ ನೆಲಕ್ಕೆ ಅದು ಕಡಿಮೆಯಾಗುವುದಿಲ್ಲ.

ಫ್ರೇಮಿನ ಮೇಲೆ ಅಂಟಿಸಿರುವ ಬಳಕೆಯ ವರ್ಗದ ಚೀಟಿಯನ್ನೂ ಓದಿ. 3ನೇ ವರ್ಗ ಎಂದಿದ್ದರೆ 61 ಸೆಂ.ಮೀ. ಎತ್ತರದವರೆಗಿನ ಜಿಗಿತಕ್ಕೆ, 4ನೇ ವರ್ಗ ಎಂದಿದ್ದರೆ 122 ಸೆಂ.ಮೀ.ವರೆಗೆ ಉದ್ದೇಶಿಸಿದ್ದು. 140 ಮಿ.ಮೀ. ಫೋರ್ಕ್ ಹಾಕುವವರು 4ನೇ ವರ್ಗದ ಫ್ರೇಮ್ ಕೊಂಡರೆ ಫೋರ್ಕ್‌ನ ಶಕ್ತಿಗೂ ಫ್ರೇಮಿನ ಶಕ್ತಿಗೂ ಹೊಂದಾಣಿಕೆ ಇರುತ್ತದೆ.

ಪ್ರಶ್ನೆ: ನನ್ನ ಹಳೆಯ ಅಲ್ಯೂಮಿನಿಯಂ ಫ್ರೇಮಿನ ಹೆಡ್‌ಟ್ಯೂಬ್ 44 ಮಿ.ಮೀ. ಇದೆ, ಉದ್ದ ಫೋರ್ಕ್ ಕೂರುತ್ತದೆ. ಗಟ್ಟಿಯಾಗಲೆಂದು ಪೀಣ್ಯದಲ್ಲಿ ಪರಿಚಯದವರ ವರ್ಕ್‌ಶಾಪ್‌ನಲ್ಲಿ ಡೌನ್‌ಟ್ಯೂಬ್ ಕೆಳಗೆ ಒಂದು ತಗಡಿನ ಆಸರೆ ವೆಲ್ಡ್ ಮಾಡಿಸಿದರೆ ಸಾಲದೇ? ಅವರು ಟಿಗ್ ವೆಲ್ಡಿಂಗ್‌ನಲ್ಲಿ ನುರಿತವರು.
– ರಾಜಾಜಿನಗರದ ಓದುಗರು

ಉತ್ತರ: ದಯವಿಟ್ಟು ಮಾಡಿಸಬೇಡಿ. ನಿಮ್ಮ ಪರಿಚಯದವರ ಕೈಚಳಕದ ಬಗ್ಗೆ ನನಗೆ ಸಂಶಯವಿಲ್ಲ. ತೊಂದರೆ ಇರುವುದು ಲೋಹದಲ್ಲಿ. ಸೈಕಲ್ ಫ್ರೇಮ್‌ಗಳಿಗೆ ಹೆಚ್ಚಾಗಿ ಬಳಸುವ 6061 ಅಲ್ಯೂಮಿನಿಯಂ ಮಿಶ್ರಲೋಹ ತನ್ನ ಬಲವನ್ನು ಪಡೆಯುವುದು ಬೆಸುಗೆಯಾದ ಮೇಲೆ ಕಾರ್ಖಾನೆಯಲ್ಲಿ ನಡೆಯುವ ಶಾಖ ಸಂಸ್ಕರಣೆಯಿಂದ. ಇಡೀ ಫ್ರೇಮನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಥಟ್ಟನೆ ತಣಿಸಿ, ಸೊಟ್ಟಗಾದದ್ದನ್ನು ನೇರ ಮಾಡಿ, ಮತ್ತೆ 170ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟಾಗಲೇ ಅದು ಟಿ6 ಎನ್ನುವ ಹದಕ್ಕೆ ಬರುತ್ತದೆ. ಅಂತಹ ಫ್ರೇಮಿನ ಮೇಲೆ ಹೊಸದಾಗಿ ಬೆಸುಗೆ ಹಾಕಿದರೆ ಬೆಸುಗೆಯ ಅಕ್ಕಪಕ್ಕದ ಲೋಹ ಆ ಹದವನ್ನು ಕಳೆದುಕೊಂಡು ಮೆತ್ತಗಾಗುತ್ತದೆ. ಅತಿ ಹೆಚ್ಚು ಹೊರೆ ಬೀಳುವ ಜಾಗದಲ್ಲೇ ನೀವು ಫ್ರೇಮನ್ನು ದುರ್ಬಲಗೊಳಿಸಿದಂತಾಗುತ್ತದೆ, ಮೇಲಿನ ತಗಡು ಮಾತ್ರ ಗಟ್ಟಿಯಾಗಿದೆ ಎಂಬ ಭರವಸೆ ಕೊಡುತ್ತಿರುತ್ತದೆ. ಕಾರ್ಖಾನೆಯಿಂದಲೇ ಅಂತಹ ಆಸರೆ ಪಡೆದು ಬಂದ ಫ್ರೇಮ್‌ಗಳ ಮಾತು ಬೇರೆ. ಅವುಗಳಲ್ಲಿ ಆಸರೆ ಹಾಕಿದ ನಂತರ ಸಂಸ್ಕರಣೆ ಆಗಿರುತ್ತದೆ.

ಆ ವರ್ಕ್‌ಶಾಪಿನವರ ನೆರವನ್ನು ಬೇರೆ ರೀತಿಯಲ್ಲಿ ಪಡೆಯಿರಿ. ಹೊಸ ಫ್ರೇಮ್ ತಂದಾಗ ಹೆಡ್‌ಟ್ಯೂಬ್‌ನ ಎರಡೂ ಬಾಯಿಗಳು ಸಮತಟ್ಟಾಗಿವೆಯೇ, ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ಪರೀಕ್ಷಿಸಿ, ಕಪ್‌ಗಳನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್‌ನಲ್ಲಿ ನೇರವಾಗಿ ಒತ್ತಿಸಿಕೊಳ್ಳಿ. ಉದ್ದ ಫೋರ್ಕ್‌ನ ಸೈಕಲ್‌ನಲ್ಲಿ ಓರೆಯಾಗಿ ಕೂತ ಕಪ್ ಬೇಗ ಸಡಿಲವಾಗುತ್ತದೆ, ಸಡಿಲವಾದ ಕಪ್ ಹೆಡ್‌ಟ್ಯೂಬನ್ನು ಒಳಗಿಂದ ಸವೆಸುತ್ತದೆ.

ಪ್ರಶ್ನೆ: ಉದ್ದ ಫೋರ್ಕ್ ಹಾರ್ಡ್‌ಟೇಲ್‌ಗೆ ಉಕ್ಕೇ ಒಳ್ಳೆಯದೆಂದು ಗೆಳೆಯರು ಹೇಳುತ್ತಾರೆ. ಅಲ್ಯೂಮಿನಿಯಂ ಅಷ್ಟು ಕೆಟ್ಟದ್ದೇ?
– ಹೆಬ್ಬಾಳದ ಓದುಗರು

ಉತ್ತರ: ಅಲ್ಯೂಮಿನಿಯಂ ಕೆಟ್ಟದ್ದಲ್ಲ. ಉಕ್ಕಿನ ಪರವಾಗಿ ಹೇಳಬಹುದಾದ ಬಲವಾದ ಮಾತು ಒಂದಿದೆ: ಒಂದು ಮಿತಿಯ ಒಳಗಿನ ಹೊರೆಯನ್ನು ಎಷ್ಟು ಸಲ ಹೊತ್ತರೂ ಉಕ್ಕು ದಣಿಯುವುದಿಲ್ಲ, ಅಲ್ಯೂಮಿನಿಯಂಗೆ ಅಂತಹ ಮಿತಿಯಿಲ್ಲದೆ ಸಣ್ಣ ಹೊರೆಯೂ ಕಾಲಕ್ರಮದಲ್ಲಿ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಅಲ್ಯೂಮಿನಿಯಂ ಫ್ರೇಮನ್ನು ದಪ್ಪ ಕೊಳವೆಗಳಿಂದ ಕಟ್ಟುತ್ತಾರೆ. ಉದ್ದೇಶಿಸಿದ ಫೋರ್ಕ್‌ನ ಮಿತಿಯೊಳಗೆ ಬಳಸಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಉಕ್ಕಿನ ಫ್ರೇಮ್ ಮೆತ್ತಗೆ ಓಡುತ್ತದೆ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಣ್ಣ ಫೋರ್ಕ್‌ನ ತೆಳು ಕೊಳವೆಯ ಉಕ್ಕಿನ ಫ್ರೇಮ್ ವಿಷಯದಲ್ಲಿ ಅದು ನಿಜ. 140, 150 ಮಿ.ಮೀ. ಫೋರ್ಕ್ ತಾಳುವಂತೆ ಕಟ್ಟಿದ 4130 ಕ್ರೋಮೊಲಿ ಉಕ್ಕಿನ ಫ್ರೇಮ್‌ನ ಡೌನ್‌ಟ್ಯೂಬ್ ಸಾಕಷ್ಟು ದಪ್ಪವಿರುವುದರಿಂದ ಆ ಮೆದುತನ ಬಹುಪಾಲು ಉಳಿದಿರುವುದಿಲ್ಲ. ಹಿಂದಿನ ಟೈರನ್ನು 2.2 ಇಂಚಿನಿಂದ 2.5ಕ್ಕೆ ಹಿಗ್ಗಿಸಿ, ಟ್ಯೂಬ್‌ಲೆಸ್ ಮಾಡಿ, ಗಾಳಿಯ ಒತ್ತಡ ಇಳಿಸಿದರೆ ಸಿಗುವ ಹಿತ ಯಾವ ಲೋಹದ ಹಿತಕ್ಕಿಂತಲೂ ದೊಡ್ಡದು. ಹೀಗಾಗಿ ಫ್ರೇಮ್ ಕೊಳ್ಳುವಾಗ ಹಿಂಭಾಗದಲ್ಲಿ ಅಗಲ ಟೈರ್‌ಗೆ ಜಾಗವಿದೆಯೇ ಎಂಬುದನ್ನು ಲೋಹಕ್ಕಿಂತ ಮೊದಲು ನೋಡಿ.

ಉಕ್ಕನ್ನೇ ಕೊಳ್ಳುವುದಾದರೆ ಅರ್ಧದಿಂದ ಒಂದು ಕಿಲೊ ಹೆಚ್ಚು ತೂಕಕ್ಕೆ ಸಿದ್ಧರಾಗಿರಿ. ಬೆಂಗಳೂರಿನಲ್ಲಿ ಜೂನ್‌ನಿಂದ ಮುಂಗಾರು, ಅಕ್ಟೋಬರ್‌ನಿಂದ ಹಿಂಗಾರು ಎಂದು ಎರಡು ಮಳೆಗಾಲ. ಸೀಟ್‌ಪೋಸ್ಟ್ ಮೂಲಕ ಒಳಗಿಳಿದ ನೀರು ಬಾಟಮ್ ಬ್ರಾಕೆಟ್‌ನಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಫ್ರೇಮ್ ಬರಿದಾಗಿರುವಾಗಲೇ ಒಳಮೈಗೆ ತುಕ್ಕು ತಡೆಯುವ ಎಣ್ಣೆ ಹಚ್ಚಿಸಿ, ಕೆಳಗಿನ ನೀರು ಹೋಗುವ ತೂತು ಮುಚ್ಚಿಹೋಗಿಲ್ಲವೆಂದು ಆಗಾಗ ನೋಡುತ್ತಿರಿ.

ಪ್ರಶ್ನೆ: 140 ಮಿ.ಮೀ. ಫೋರ್ಕ್ ಇದೆ, ಹೊಸ ಫ್ರೇಮ್‌ಗೆ ಈಗ ಹಣವಿಲ್ಲ. ನನ್ನ ಫ್ರೇಮ್ 120 ಮಿ.ಮೀ.ಗೆ ಮಾಡಿದ್ದು, ಟೇಪರ್ ಹೆಡ್‌ಟ್ಯೂಬ್ ಇದೆ. ಗಾಳಿ ಕಡಿಮೆ ಮಾಡಿ ಫೋರ್ಕನ್ನು ತಗ್ಗಿಸಿ ಓಡಿಸಬಹುದೇ?
– ಕೆಂಗೇರಿಯ ಓದುಗರು

ಉತ್ತರ: ಗಾಳಿ ಕಡಿಮೆ ಮಾಡಿ ತಗ್ಗಿಸುವುದು ತಪ್ಪು ದಾರಿ. ಸ್ಯಾಗ್ ಹೆಚ್ಚಾಗಿ, ಬ್ರೇಕ್ ಹಿಡಿದಾಗಲೆಲ್ಲ ಫೋರ್ಕ್ ಮುಳುಗಿ, ಹೆಡ್ ಆಂಗಲ್ ಅತಿ ನೆಟ್ಟಗಾಗಿ, ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಉರುಳುವ ಅಪಾಯವಿದೆ. ಸರಿಯಾದ ದಾರಿ ಬೇರೆಯೇ ಇದೆ: ರಾಕ್‌ಶಾಕ್ಸ್ ಮತ್ತು ಫಾಕ್ಸ್‌ನ ಹಲವು ಏರ್ ಫೋರ್ಕ್‌ಗಳಲ್ಲಿ ಒಳಗಿನ ಏರ್ ಶಾಫ್ಟ್ (ಗಾಳಿ ಕೋಣೆಯ ದಂಡ) ಬದಲಿಸಿ ಟ್ರಾವೆಲ್ಲನ್ನು 10 ಮಿ.ಮೀ. ಹಂತಗಳಲ್ಲಿ ಕಡಿಮೆ ಮಾಡಬಹುದು. 120ರ ಶಾಫ್ಟ್ ಹಾಕಿದರೆ ಫೋರ್ಕ್‌ನ ಒಟ್ಟು ಉದ್ದವೂ 20 ಮಿ.ಮೀ. ಇಳಿದು ನಿಮ್ಮ ಫ್ರೇಮ್‌ಗೆ ಬರೆದ ಕೋನಗಳು ಹಾಗೆಯೇ ಉಳಿಯುತ್ತವೆ. ಫೋರ್ಕ್ ಕಾಲಿನ ಮೇಲಿರುವ ಸೀರಿಯಲ್ ನಂಬರ್ ಕೊಟ್ಟು, ಅದೇ ಮಾದರಿಗೆ, ಅದೇ ವರ್ಷದ ರೂಪಕ್ಕೆ ಸಲ್ಲುವ ಶಾಫ್ಟನ್ನೇ ತರಿಸಿಕೊಳ್ಳಿ. ಹೆಸರು ಒಂದೇ ಇದ್ದರೂ ಕೊಳವೆಯ ವ್ಯಾಸ ಬೇರೆಯಾಗಿದ್ದರೆ ಕೂರುವುದಿಲ್ಲ. ರಾಕ್‌ಶಾಕ್ಸ್ ಫೋರ್ಕ್‌ಗಳಿಗೆ 50 ಗಂಟೆ ಸವಾರಿಗೊಮ್ಮೆ ಕೆಳಕಾಲು ಬಿಚ್ಚಿ ಎಣ್ಣೆ ಬದಲಿಸುವ ಸರ್ವಿಸ್ ಹೇಗೂ ಇದೆ. ಶಾಫ್ಟ್ ಬದಲಿಸಲು ಅದೇ ಕಾಲು ಬಿಚ್ಚಬೇಕಾದ್ದರಿಂದ ಎರಡನ್ನೂ ಒಂದೇ ಸಲಕ್ಕೆ ಮಾಡಿಸಿದರೆ ಕೂಲಿ ಉಳಿಯುತ್ತದೆ. ತೆಗೆದ 140ರ ಶಾಫ್ಟನ್ನು ಒರೆಸಿ, ಧೂಳು ತಾಗದಂತೆ ಸುತ್ತಿ ಎತ್ತಿಟ್ಟುಕೊಳ್ಳಿ. ಮುಂದೆ ಉದ್ದ ಫೋರ್ಕ್‌ಗೆ ಅಳತೆ ಬರೆದ ಫ್ರೇಮ್ ಕೊಂಡಾಗ ಅದನ್ನೇ ಮತ್ತೆ ಹಾಕಿಸಬಹುದು.